ಎಂಜಿನ್ನಿಗೆ ಸ್ನಾನ, ಬೀದಿಗೆ ಕೊಳೆ

ಪೆಟ್ರೋಲ್ ಬಂಕುಗಳಲ್ಲಿ ಸಾಧಾರಣ ಪೆಟ್ರೋಲಿನ ಪಕ್ಕದಲ್ಲೇ ಹೆಚ್ಚು ಬೆಲೆಯ ‘ವಿಶೇಷ’ ಪೆಟ್ರೋಲ್ ಇರುವುದನ್ನು ನಾವೆಲ್ಲ ಕಂಡಿದ್ದೇವೆ. ಎಂಜಿನ್ನಿನ ಕೊಳೆ ಕಳೆಯುವುದಾಗಿ ಹೇಳುವ ದ್ರಾವಣದ ಪುಟ್ಟ ಶೀಸೆಗಳೂ ಅಂಗಡಿಗಳಲ್ಲಿ ದೊರೆಯುತ್ತವೆ. ಇಂಧನಕ್ಕೆ ಏನನ್ನಾದರೂ ಬೆರೆಸಿ ಎಂಜಿನ್ನನ್ನು ಶುಚಿಗೊಳಿಸುವ ಈ ಪದ್ಧತಿ ಹೊಸದಲ್ಲ. ಅದಕ್ಕೆ ನೂರು ವರ್ಷಗಳ ಇತಿಹಾಸವಿದೆ. ಮಹಾನಗರಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಾವು ಅದನ್ನು ತಿಳಿದಿರುವುದು ಒಳ್ಳೆಯದು.

ಮೊದಲಿನ ಮೋಟಾರುಗಳಿಗೆ ‘ನಾಕಿಂಗ್’ ಎಂಬ ದೊಡ್ಡ ಪೀಡೆಯಿತ್ತು. ಇಂಧನ ಕ್ರಮವಾಗಿ ಉರಿಯದೆ ಸಿಲಿಂಡರಿನೊಳಗೆ ಸುತ್ತಿಗೆಯಿಂದ ಬಡಿದಂತೆ ಸದ್ದಾಗುತ್ತಿತ್ತು. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಥಾಮಸ್ ಮಿಜ್‌ಲಿ 1921ರ ಡಿಸೆಂಬರಿನಲ್ಲಿ ಇದಕ್ಕೆ ಮದ್ದು ಕಂಡುಹಿಡಿದನು. ಅದೇ ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತ. 1923ರ ಫೆಬ್ರವರಿಯಲ್ಲಿ ಡೇಟನ್ ನಗರದಲ್ಲಿ ಅದನ್ನು ಬೆರೆಸಿದ ಪೆಟ್ರೋಲಿನ ಮಾರಾಟ ಆರಂಭವಾಯಿತು.

ಮದ್ದೇನೋ ಫಲಿಸಿತು. ಆದರೆ ಉರಿದ ಸೀಸವು ಆಕ್ಸೈಡ್ ಆಗಿ ಸ್ಪಾರ್ಕ್ ಪ್ಲಗ್ಗುಗಳ ಮೇಲೂ ವಾಲ್ವುಗಳ ಮೇಲೂ ಹೆಪ್ಪುಗಟ್ಟತೊಡಗಿತು. ಈ ಕೊಳೆ ತೆಗೆಯಲು ಎಥಿಲೀನ್ ಡೈಬ್ರೋಮೈಡ್ ಎಂಬ ಇನ್ನೊಂದು ವಸ್ತುವನ್ನು ಬೆರೆಸಿದರು. ಅದು ಸೀಸವನ್ನು ಲೆಡ್ ಬ್ರೋಮೈಡ್ ಆಗಿ ಮಾರ್ಪಡಿಸುತ್ತದೆ. ಎಂಜಿನ್ನಿನ ಶಾಖದಲ್ಲಿ ಲೆಡ್ ಬ್ರೋಮೈಡ್ ಆವಿಯಾಗಿ ಹೊಗೆಯೊಂದಿಗೆ ಹೊರಬೀಳುತ್ತದೆ. ಇದಕ್ಕೆ ಬೇಕಾದ ಬ್ರೋಮಿನ್ನಿಗಾಗಿ ಉತ್ತರ ಕೆರೋಲಿನಾದ ಕ್ಯೂರ್ ಬೀಚಿನಲ್ಲಿ ಸಮುದ್ರದ ನೀರನ್ನೇ ಸಂಸ್ಕರಿಸುವ ಕಾರ್ಖಾನೆಯೊಂದು 1934ರಲ್ಲಿ ಕೆಲಸಕ್ಕೆ ತೊಡಗಿತು. ನಮ್ಮ ಮನೆಯನ್ನು ಗುಡಿಸಿ ಕಸವನ್ನು ನೆರೆಯವರ ಅಂಗಳಕ್ಕೆ ತಳ್ಳಿದಂತಾಯಿತು ಇದು. ಎಂಜಿನ್ ಶುಚಿಯಾಯಿತು, ಸೀಸವೆಲ್ಲ ಬೀದಿಯ ಗಾಳಿಗೆ ಸೇರಿತು.

ಸೀಸ ವಿಷವೆಂಬುದು ಆಗ ತಿಳಿಯದ ಸಂಗತಿಯೇನೂ ಆಗಿರಲಿಲ್ಲ. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಶುದ್ಧೀಕರಣಾಗಾರದಲ್ಲಿ ಈ ದ್ರವದ ವಿಷವೇರಿ ಐವರು ಕಾರ್ಮಿಕರು ಸತ್ತರು. 1925ರಲ್ಲಿ ಮಾರಾಟ ನಿಂತು, ಸಭೆ ಕೂಡಿತು. ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಮುಂತಾದವರು ಎಚ್ಚರಿಸಿದರು. ಆದರೂ 1926ರಲ್ಲಿ ಮಾರಾಟ ಪುನಃ ನಡೆಯಿತು. ಕಡೆಗೆ ಅಮೆರಿಕದಲ್ಲಿ ಪೆಟ್ರೋಲಿನ ಸೀಸ ಇಳಿಸತೊಡಗಿದಾಗ, 1976ರಿಂದ 1980ರೊಳಗೆ ಅಲ್ಲಿನ ಜನರ ರಕ್ತದಲ್ಲಿದ್ದ ಸೀಸವು ಸರಾಸರಿ ಶೇಕಡಾ 37ರಷ್ಟು ತಗ್ಗಿತು. ಸೀಸದಿಂದ ಹೆಚ್ಚು ಕುಂದುವುದು ಎಳೆಯ ಮಕ್ಕಳ ಬುದ್ಧಿಶಕ್ತಿ ಎಂಬುದನ್ನು ನೆನೆದರೆ ಇದರ ಬೆಲೆ ಅರಿವಾಗುತ್ತದೆ.

ಈ ನಡುವೆ ಬೇರೊಂದು ಬಗೆಯ ಶುಚಿಕಾರಕಗಳು ಬಂದವು. ಕಾರ್ಬ್ಯುರೇಟರಿನ ಅಂಟು ತೊಳೆಯುವ ಡಿಟರ್ಜೆಂಟ್ ಪೆಟ್ರೋಲ್ ಅಮೆರಿಕದಲ್ಲಿ 1954ರಲ್ಲಿ ಹೊರಬಂದಿತು. ಸಾಬೂನಿನಂತೆ ಇದರ ಅಣುವಿನ ಒಂದು ತುದಿ ಕೊಳೆಯನ್ನು ಹಿಡಿದರೆ ಇನ್ನೊಂದು ತುದಿ ಪೆಟ್ರೋಲಿನಲ್ಲಿ ಬೆರೆಯುತ್ತದೆ. ಇಂಜೆಕ್ಟರುಗಳು ಬಂದಮೇಲೆ ಇದರ ಅಗತ್ಯ ಹೆಚ್ಚಿತು; ಅವುಗಳ ಸೂಕ್ಷ್ಮ ರಂಧ್ರಗಳು ಸ್ವಲ್ಪ ಕೊಳೆಗೂ ಕಟ್ಟಿಕೊಳ್ಳುತ್ತವೆ. 1995ರಿಂದ ಅಮೆರಿಕದಲ್ಲಿ ಇಂತಹ ಡಿಟರ್ಜೆಂಟ್ ಬೆರೆಸುವುದು ಕಡ್ಡಾಯವಾಯಿತು.

ಅದೇ 1995ರ ಏಪ್ರಿಲಿನಲ್ಲಿ ನಮ್ಮ ದೇಶದಲ್ಲಿ ಸೀಸರಹಿತ ಪೆಟ್ರೋಲ್ ಬಂದಿತು. ಮೊದಲು ದೊರೆತದ್ದು ದೆಹಲಿ, ಮುಂಬಯಿ, ಕಲ್ಕತ್ತೆ ಮತ್ತು ಮದರಾಸುಗಳಲ್ಲಿ. ಹೊಗೆಯನ್ನು ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸೀಸ ತಗುಲಿದರೆ ಕೆಡುತ್ತದೆ ಎಂಬುದೇ ಇದಕ್ಕೆ ತಕ್ಷಣದ ಕಾರಣ. ನಮ್ಮ ಬೆಂಗಳೂರು ಆ ನಾಲ್ಕರ ಸಾಲಿನಲ್ಲಿರಲಿಲ್ಲ. 2000ದ ಫೆಬ್ರವರಿಯಲ್ಲಿ ದೇಶಕ್ಕೆಲ್ಲ ಸೀಸರಹಿತ ಪೆಟ್ರೋಲೇ ಆಯಿತು. ಜಗತ್ತಿನಲ್ಲಿ ಕಡೆಯದಾಗಿ ಅಲ್ಜೀರಿಯಾ 2021ರಲ್ಲಿ ಕಾರುಗಳ ಸೀಸದ ಪೆಟ್ರೋಲನ್ನು ನಿಲ್ಲಿಸಿತು.

ಇಂದಿನ ಶುಚಿಕಾರಕಗಳನ್ನು ಆ ಸೀಸದ ಪಂಕ್ತಿಯಲ್ಲಿ ಕೂರಿಸುವುದು ನ್ಯಾಯವಲ್ಲ. ಆದರೂ ಅವೇನೂ ಸಂಜೀವಿನಿಯಲ್ಲ. ಇಂಧನವನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ ಹೊಸ ಎಂಜಿನ್ನುಗಳಲ್ಲಿ ಪೆಟ್ರೋಲ್ ಒಳವಾಲ್ವುಗಳನ್ನು ಮುಟ್ಟುವುದೇ ಇಲ್ಲ. ಅಲ್ಲಿನ ಕೊಳೆಯನ್ನು ಟ್ಯಾಂಕಿಗೆ ಸುರಿದ ಯಾವ ಶೀಸೆಯೂ ತೊಳೆಯಲಾರದು. ಆದುದರಿಂದ ಶೀಸೆ ಕೊಳ್ಳುವ ಮುನ್ನ ಕಾರಿನೊಡನೆ ಬಂದ ಕೈಪಿಡಿಯನ್ನು ಓದೋಣ. ಎಂಜಿನ್ನಿನಿಂದ ಹೋದ ಕೊಳೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ಎಂದೂ ಮರೆಯದಿರೋಣ. ಆ ಪ್ರಶ್ನೆಗೆ ಜಗತ್ತು ಸರಿಯಾಗಿ ಕಿವಿಗೊಡಲು ಐವತ್ತು ವರ್ಷಗಳೇ ಬೇಕಾದವು.