ಮನಿ ಜಗಳ, ಬೀದಿ ಪಂಚಾಯ್ತಿ

📌 ಭಾಗ 1/7: ಪ್ರಶ್ನೆ

2024ರ ಜೂನ್ ನೆನಪದ ಏನ್ರಿ? ಗಾಯಕ ಚಂದನ್ ಶೆಟ್ಟಿ ಮತ್ತು ನಿವೇದಿತಾ ಗೌಡ ಬೇರೆಯಾದರು. ಜೂನ್ 7ಕ್ಕೆ ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ವಿಚ್ಛೇದನ ಆಯ್ತು, ಇನ್‌ಸ್ಟಾಗ್ರಾಂನಲ್ಲಿ ಪೋಸ್ಟ್ ಬಂತು. ಜೂನ್ 10ಕ್ಕೆ ಇಬ್ಬರೂ ಬಾಜೂಕ್ಕೇ ಕುಂತು ಪತ್ರಿಕಾಗೋಷ್ಠಿ ಮಾಡಿದರು. ಅದೇ ದಿನಗಳಲ್ಲಿ ಇನ್ನೊಂದು ತಾರಾ ಕುಟುಂಬದ ವಿಚ್ಛೇದನದ ಅರ್ಜಿಯೂ ಸುದ್ದಿಯಾಯ್ತು. ಒಂದು ಕಡೆ ವಕೀಲರು ಕ್ಯಾಮೆರಾ ಮುಂದ ಮಾತಾಡಿದರು, ಇನ್ನೊಂದು ಕಡೆಯಿಂದ ಇನ್‌ಸ್ಟಾಗ್ರಾಂನಲ್ಲಿ ಉತ್ತರ ಬಂತು.

ಆ ವಾರ ನಮ್ಮ ಐನಾಪುರದ ಚಹಾದ ಅಂಗಡಿ ಮುಂದನೂ ಇದೇ ಮಾತು. "ಮನಿ ಮಾತು ಮನಿಯಾಗ ಇಟ್ಕೊಳ್ಳಾಕ ಇವರಿಗೆ ಏನು ಧಾಡಿ?" ಅಂತ ಹಿರ್ಯಾರು. "ಎಲ್ಲಾ ಈ ಮೊಬೈಲ್ ಬಂದ ಮ್ಯಾಲೆ ಸುರು ಆದದ್ದು" ಅಂತ ಇನ್ನೊಬ್ಬರು.

ಖರೇನಾ? ಗಂಡ-ಹೆಂಡಿರ ಜಗಳ ಬೀದಿಗೆ ಬಂದದ್ದು ಮೊಬೈಲಿನಿಂದ ಏನ್ರಿ? ಇತಿಹಾಸ ನೋಡಿದ್ರ ಹಂಗ ಕಾಣ್ಸಲ್ಲ. ಬೀದಿ ಬದಲಾಗೇದ, ಬೀದಿಗೆ ಬರೋ ಕಾರಣ ಬದಲಾಗಿಲ್ಲ. ಆ ಕಾರಣ ಎರಡು. ಒಂದು, ಪೇಟೆಯಲ್ಲಿ ತಮ್ಮ ಹೆಸರು ಉಳಿಸ್ಕೊಳ್ಳೋದು. ಎರಡು, ಒಳಗೆ ಯಾರೂ ಕೇಳದ ಮಾತನ್ನ ಹೊರಗಿನವರಿಗಾದ್ರೂ ಕೇಳಿಸೋದು. ಈ ಸರಣಿ ಆ ಎರಡು ಕಾರಣಗಳ ಕಥಿ. ಸೇವ್ ಮಾಡ್ಕೊಂಡು ನಿಧಾನಕ್ಕ ಓದ್ರಿ. 👇

📌 ಭಾಗ 2/7: ಕಲ್ಯಾಣದ ಸಭೆ

ಮೊದಲು ನಮ್ಮ ಪಕ್ಕದ ಬೀದರ್ ಜಿಲ್ಲೆಗೆ, ಬಸವಕಲ್ಯಾಣಕ್ಕೆ ಹೋಗೋಣ. 12ನೇ ಶತಮಾನ. ಉಡುತಡಿಯ ಅಕ್ಕಮಹಾದೇವಿ ಕೌಶಿಕ ರಾಜನನ್ನ ಬಿಟ್ಟು ಹೊರಟು ಕಲ್ಯಾಣಕ್ಕೆ ಬಂದರು ಅನ್ನೋದು ನಮಗೆಲ್ಲ ಗೊತ್ತಿರೋ ಕಥೆ. ಮದುವೆ ಆಗಿತ್ತೋ ಇಲ್ಲೋ ಅನ್ನೋದರಲ್ಲಿ ಹಳೆಯ ಕವಿಗಳಲ್ಲೇ ಒಮ್ಮತ ಇಲ್ಲ. ಹರಿಹರನ ರಗಳೆಯಲ್ಲಿ ಮದುವೆ ಆಗುತ್ತದೆ, ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಆಗುವುದಿಲ್ಲ.

15ನೇ ಶತಮಾನದಲ್ಲಿ ವಚನಗಳನ್ನ ಸಂವಾದದ ರೂಪದಲ್ಲಿ ಜೋಡಿಸಿ ಶೂನ್ಯಸಂಪಾದನೆ ಕಟ್ಟಿದರು. ಅದರಲ್ಲಿ ಅಕ್ಕ ಅನುಭವ ಮಂಟಪಕ್ಕೆ ಬಂದಾಗ ಅಲ್ಲಮಪ್ರಭು ತಡೆದು ಪ್ರಶ್ನೆ ಮಾಡ್ತಾರೆ. ಆ ಪ್ರಶ್ನೆಗಳಲ್ಲಿ ಒಂದು, ನಿನ್ನ ಗಂಡ ಯಾರು ಅಂತ. ಅಕ್ಕ ತುಂಬಿದ ಸಭೆಯಲ್ಲೇ ಉತ್ತರ ಕೊಡ್ತಾರೆ: ತಮ್ಮ ಪತಿ ಚೆನ್ನಮಲ್ಲಿಕಾರ್ಜುನ ಅಂತ. ಸಭೆ ಒಪ್ಪುತ್ತದೆ.

ಇಲ್ಲಿ ಎರಡು ಸಂಗತಿ ಗಮನಿಸ್ರಿ. ಅರಮನೆಯಲ್ಲಿ ಸಿಗದ ಮಾತಿನ ಜಾಗ ಅಕ್ಕನಿಗೆ ಸಭೆಯಲ್ಲಿ ಸಿಕ್ತು. ಆದ್ರ ಆ ಜಾಗ ಸಿಗಬೇಕಂದ್ರ ತಮ್ಮ ಸಂಸಾರದ ಲೆಕ್ಕ ಅಷ್ಟು ಮಂದಿ ಮುಂದ ಒಪ್ಪಿಸಬೇಕಾಯ್ತು. ಕೌಶಿಕನನ್ನ ಮಾತ್ರ ಯಾವ ಸಭೆಯೂ ಕರೆದು ಕೇಳಲಿಲ್ಲ.

📌 ಭಾಗ 3/7: ಪೇಪರ್ ಜಾಹೀರಾತು

ಈಗ ಸ್ವಲ್ಪ ದೂರ ಹೋಗೋಣ, ಯಾಕಂದ್ರ ಹೆಸರು ಉಳಿಸ್ಕೊಳ್ಳೋ ಕಾರಣ ಅಲ್ಲಿ ಸ್ಪಷ್ಟ ಕಾಣ್ತದ.

18ನೇ ಶತಮಾನದ ಇಂಗ್ಲೆಂಡ್ ಮತ್ತು ಅಮೆರಿಕದ ಪತ್ರಿಕೆಗಳಲ್ಲಿ ಒಂದು ಥರದ ಜಾಹೀರಾತು ಬರ್ತಿತ್ತು. "ನನ್ನ ಹೆಂಡತಿ ಮನೆ ಬಿಟ್ಟು ಹೋಗಿದ್ದಾಳೆ, ಇನ್ಮುಂದೆ ಅವಳು ಮಾಡೋ ಸಾಲಕ್ಕೆ ನಾನು ಜವಾಬ್ದಾರನಲ್ಲ" ಅನ್ನೋ ಅರ್ಥದ್ದು. ಆಗಿನ ಕಾನೂನಿನಲ್ಲಿ ಹೆಂಡತಿಯ ಸಾಲ ಗಂಡನ ತಲಿಮ್ಯಾಲೆ ಬರ್ತಿತ್ತು. ಅದಕ್ಕ ಅಂಗಡಿಯವರಿಗೆ ತಿಳಿಸಲೇಬೇಕಿತ್ತು. ಕೆಲವು ಹೆಂಗಸರು ಸುಮ್ಮನಿರಲಿಲ್ಲ. ತಾವೂ ಜಾಹೀರಾತು ಕೊಟ್ಟು, ನಾನು ಯಾಕೆ ಮನೆ ಬಿಟ್ಟೆ, ಅವನು ಹೆಂಗ ಹೊಡೀತಿದ್ದ ಅಂತ ಬರೆದರು. ಪೋಸ್ಟ್‌ಗೆ ಪೋಸ್ಟ್, ಅವಾಗಿಂದೇ!

ಬಿಕಾಂ ಓದೋರಿಗೆ ಇದು ಹೊಸದಲ್ಲ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 45ನೇ ಸೆಕ್ಷನ್ ಏನು ಹೇಳ್ತದ? ಫರ್ಮ್ ವಿಸರ್ಜನೆ ಆದ್ರೂ ಸಾರ್ವಜನಿಕ ನೋಟಿಸ್ ಕೊಡೋ ತನಕ ಹಳೆಯ ಪಾಲುದಾರರು ಹೊರಗಿನವರಿಗೆ ಜವಾಬ್ದಾರರೇ. ನೋಂದಾಯಿತ ಫರ್ಮ್ ಆದ್ರ ಆ ನೋಟಿಸ್ ರಿಜಿಸ್ಟ್ರಾರ್‌ಗೆ ಹೋಗಬೇಕು, ಗೆಜೆಟ್‌ನಲ್ಲಿ ಬರಬೇಕು, ಆ ಜಿಲ್ಲೆಯಲ್ಲಿ ಓಡಾಡೋ ಒಂದಾದ್ರೂ ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಬರಬೇಕು (72ನೇ ಸೆಕ್ಷನ್).

ಇಬ್ಬರ ಹೆಸರು ಸೇರಿಸಿ ಪೇಟೆಯಲ್ಲಿ ವ್ಯವಹಾರ ಮಾಡಿದ್ರ, ಬೇರೆ ಆಗೋದನ್ನೂ ಪೇಟೆಗೆ ಹೇಳಬೇಕು. ತಾರಾ ಜೋಡಿಗಳ ಪೋಸ್ಟ್ ಅರ್ಧ ಇದೇ.

📌 ಭಾಗ 4/7: ರಖ್ಮಾಬಾಯಿ

ಇನ್ನರ್ಧ? ಅದು ಮುಂಬಯಿಯಲ್ಲಿ ಸಿಗ್ತದ.

ರಖ್ಮಾಬಾಯಿಗೆ 11ರ ವಯಸ್ಸಿನಲ್ಲಿ ಮದುವೆ ಆಗಿತ್ತು. ಆದ್ರ ಬೆಳೆದಿದ್ದು, ಓದಿದ್ದು ತಾಯಿ ಮನಿಯಲ್ಲೇ. 1884ರಲ್ಲಿ ಗಂಡ ದಾದಾಜಿ ಭಿಕಾಜಿ, ಹೆಂಡತಿಯನ್ನ ನನ್ನ ಮನೆಗೆ ಕಳಿಸ್ರಿ ಅಂತ ಬಾಂಬೆ ಹೈಕೋರ್ಟಿಗೆ ಹೋದ. ಆಕೆ ಒಪ್ಪಲಿಲ್ಲ. 1885ರಲ್ಲಿ "ಒಬ್ಬ ಹಿಂದೂ ಮಹಿಳೆ" ಅನ್ನೋ ಹೆಸರಲ್ಲಿ ಟೈಮ್ಸ್ ಆಫ್ ಇಂಡಿಯಾಕ್ಕೆ ಪತ್ರ ಬರೆದು ಬಾಲ್ಯವಿವಾಹದ ಸಂಕಟ ತೋಡಿಕೊಂಡಳು. ಇವತ್ತಿನ ಮಾತಲ್ಲಿ ಹೇಳೋದಾದ್ರ ಹೆಸರಿಲ್ಲದ ಅಕೌಂಟ್.

1887ರಲ್ಲಿ ಕೋರ್ಟು, ಗಂಡನ ಮನೆಗೆ ಹೋಗು, ಇಲ್ಲಾಂದ್ರ 6 ತಿಂಗಳು ಜೈಲು ಅಂತು. ಜೈಲಿಗೇ ಹೋಗ್ತೀನಿ ಅಂದಳು ರಖ್ಮಾಬಾಯಿ. ಅದೇ ವರ್ಷ ದಾದಾಜಿ ತನ್ನ ಕಡೆಯ ಕಥೆಯನ್ನ ಅಚ್ಚು ಹಾಕಿಸಿದ. ಆಕೆಯೂ ಉತ್ತರ ಬರೆದಳು. ಊರೆಲ್ಲ ಎರಡು ಪಾಲಾಯ್ತು. 1888ರಲ್ಲಿ 2000 ರೂಪಾಯಿ ಕೊಟ್ಟು ರಾಜಿ ಆಯ್ತು. ಮುಂದೆ ಆಕೆ ಲಂಡನ್ನಿನಲ್ಲಿ ಓದಿ ಡಾಕ್ಟರ್ ಆಗಿ ಬಂದಳು. 1891ರ ಸಮ್ಮತಿ ವಯಸ್ಸಿನ ಕಾಯ್ದೆ ಬರೋಕೆ ಈ ಗದ್ದಲವೂ ಒಂದು ಕಾರಣ.

ಆಕೆ "ಮನಿ ಮಾತು ಮನಿಯಾಗ" ಅಂತ ಕುಂತಿದ್ರ ಏನಾಗ್ತಿತ್ತು, ನೀವೇ ಯೋಚನೆ ಮಾಡ್ರಿ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಗಾದೆ ಅದ. ಅಡಿಗಿ ಮಾಡಿದಾಕಿ ಉಂಡಳೋ ಇಲ್ಲೋ ಅಂತ ಆ ಗಾದೆ ಹೇಳೋದಿಲ್ಲ.

📌 ಭಾಗ 5/7: 2011ರ ಸೆಪ್ಟೆಂಬರ್

ವಾಪಸ್ ಕರ್ನಾಟಕಕ್ಕೆ. 2006ರಲ್ಲಿ ಟಿವಿ9 ಕನ್ನಡ ಬಂದ ಮೇಲೆ 24 ತಾಸಿನ ಸುದ್ದಿ ಮನಿಮನಿಗೆ ಮುಟ್ಟಿತ್ತು. ಇನ್‌ಸ್ಟಾಗ್ರಾಂ 2010ರಲ್ಲೇ ಸುರುವಾದ್ರೂ ನಮ್ಮ ಕಡೆ ಅದರ ಹೆಸರು ಕೇಳಿದವರು ಕಡಿಮಿ.

ಆ ಹೊತ್ತಿನಲ್ಲಿ ನಟ ದರ್ಶನ್ ಅವರ ಪತ್ನಿ ವಿಜಯಲಕ್ಷ್ಮಿ ಬೆಂಗಳೂರಿನ ಪೊಲೀಸ್ ಠಾಣೆಗೆ ಹಲ್ಲೆಯ ದೂರು ಕೊಟ್ಟರು. ದರ್ಶನ್ ಬಂಧನ ಆಯ್ತು. ಆಮೇಲೆ ಅವರು ಆ ದೂರಿನಿಂದ ಹಿಂದೆ ಸರಿದರು. ದರ್ಶನ್ ಜೈಲಿನಲ್ಲಿದ್ದಾಗಲೇ ಸೆಪ್ಟೆಂಬರ್ 30ಕ್ಕೆ "ಸಾರಥಿ" ಬಿಡುಗಡೆಯಾಗಿ ಥೇಟರ್ ತುಂಬಿದವು. ಅಕ್ಟೋಬರ್‌ನಲ್ಲಿ ಜಾಮೀನು ಸಿಕ್ತು.

ಇದರ ನಡುವೆ ಏನಾಯ್ತು ಗೊತ್ತಾ? ಕನ್ನಡ ಚಲನಚಿತ್ರ ನಿರ್ಮಾಪಕರ ಸಂಘ ಕುಂತು ಒಂದು ತೀರ್ಪು ಕೊಡ್ತು. ಶಿಕ್ಷೆ ಗಂಡನಿಗಲ್ಲ, ನಟಿ ನಿಕಿತಾಗೆ. 3 ವರ್ಷ ಕನ್ನಡ ಸಿನಿಮಾದಿಂದ ನಿಷೇಧ! ಎಲ್ಲಾ ಕಡೆಯಿಂದ ಟೀಕೆ ಬಂದು ಕೆಲವೇ ದಿನಗಳಲ್ಲಿ ನಿಷೇಧ ವಾಪಸ್ ತಗೊಂಡರು.

ಅವಾಗ ಮಾತಾಡೋ ಜಾಗ ಯಾರ ಕೈಯಲ್ಲಿತ್ತು? ಸಂಘದ ಕೈಯಲ್ಲಿ, ಚಾನೆಲ್ ಕೈಯಲ್ಲಿ, ಅಭಿಮಾನಿಗಳ ಕೈಯಲ್ಲಿ. ಇಬ್ಬರು ಹೆಣ್ಣುಮಕ್ಕಳ ಮಾತೂ ಬೇರೆಯವರ ಮೈಕಿನಿಂದಲೇ ನಮಗೆ ಮುಟ್ಟಿದ್ದು.

📌 ಭಾಗ 6/7: ಸ್ವಂತ ಮೈಕು

ಹತ್ತು ವರ್ಷದಲ್ಲಿ ಆ ಮೈಕು ಕಿಸೆಯೊಳಗ ಬಂತು. ನಮ್ಮ ಚಿಂಚೋಳಿ ಕಡೆ ತೆಲುಗು ಸಿನಿಮಾ ನೋಡೋರು ಭಾಳ. ಅವರಿಗೆ 2021ರ ಅಕ್ಟೋಬರ್ 2 ನೆನಪಿರಬೇಕು. ಸಮಂತಾ ಮತ್ತು ನಾಗ ಚೈತನ್ಯ ಒಂದೇ ಥರದ ಹೇಳಿಕೆ ಹಾಕಿ ಬೇರೆಯಾದ ಸುದ್ದಿ ಕೊಟ್ಟರು. ಇದು ಶುದ್ಧ ವಿಸರ್ಜನೆಯ ನೋಟಿಸ್. ಇಬ್ಬರ ಸಹಿ ಇದ್ದಂಗ.

ತಮಿಳಿನ ಜಯಂ ರವಿ ವಿಷಯದಲ್ಲಿ ಹಂಗ ಆಗಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಅವರು ಬೇರೆಯಾಗೋ ಹೇಳಿಕೆ ಹಾಕಿದರು. ಎರಡೇ ದಿನದಲ್ಲಿ ಪತ್ನಿ ಆರತಿ, ಇದು ನನಗೆ ಗೊತ್ತಿಲ್ಲದೆ, ನನ್ನ ಒಪ್ಪಿಗೆ ಇಲ್ಲದೆ ಹೊರಟ ಹೇಳಿಕೆ ಅಂತ ಬರೆದರು. 2025ರ ಮೇ ತಿಂಗಳಲ್ಲಿ ಹೇಳಿಕೆಗೆ ಹೇಳಿಕೆ ಬೆಳೆದು, ಒಬ್ಬರ ಮೇಲೆ ಒಬ್ಬರು ಬರೆಯಬೇಡಿ ಅಂತ ಮದ್ರಾಸ್ ಹೈಕೋರ್ಟೇ ಹೇಳಬೇಕಾಯ್ತು. ಯಾರು ಮೊದಲು ಪೋಸ್ಟ್ ಹಾಕ್ತಾರೋ ಅವರ ಕಥೆ ಮೊದಲ ಪುಟ ಆಗ್ತದ. ಎರಡನೆಯವರು ಸುಮ್ಮನಿದ್ರ ಮಂದಿ ಅದನ್ನ ಒಪ್ಪಿಗೆ ಅಂತ ತಿಳಿತಾರ.

ಚಂದನ್-ನಿವೇದಿತಾ ಲೆಕ್ಕ ನೋಡ್ರಿ. ಬಿಗ್ ಬಾಸ್ ಮನೆಯಲ್ಲಿ ಪರಿಚಯ, 2019ರಲ್ಲಿ ಮೈಸೂರಿನ ಯುವ ದಸರಾ ವೇದಿಕೆ ಮೇಲೆ ಪ್ರೇಮ ನಿವೇದನೆ, ಸರ್ಕಾರಿ ವೇದಿಕೆ ಅಂತ ಟೀಕೆ, 2020ರ ಫೆಬ್ರವರಿಯಲ್ಲಿ ಮದುವೆ, ಆಮೇಲೆ ರೀಲ್ಸ್. ಜೋಡಿಯ ಹೆಸರಿಗೇ ಗುಡ್‌ವಿಲ್ ಇತ್ತು. ಜಾಹೀರಾತು, ಕಾರ್ಯಕ್ರಮ ಎಲ್ಲಾ ಬರೋದು ಆ ಹೆಸರಿನ ಮೇಲೆ. ಬ್ಯಾಲೆನ್ಸ್ ಶೀಟಿನಲ್ಲಿ ಕಾಣದ ಈ ಆಸ್ತಿಯನ್ನ ಬೇರೆಯಾಗುವಾಗ ಹಂಚೋದು ಕಷ್ಟ. ಅದಕ್ಕೇ ಪತ್ರಿಕಾಗೋಷ್ಠಿಯಲ್ಲಿ ಜೀವನಾಂಶದ ಗಾಳಿಸುದ್ದಿ, ಮೂರನೆಯವರ ಹೆಸರಿನ ಗಾಳಿಸುದ್ದಿ ಎರಡನ್ನೂ ಅಲ್ಲಗಳೆಯಬೇಕಾಯ್ತು. ನಾಚಿಕೆ ಬಿಟ್ಟು ಮಾತಾಡಿದ್ದಲ್ಲ, ಹೆಸರು ಉಳಿಸಿಕೊಳ್ಳೋಕೆ ಮಾತಾಡಿದ್ದು.

📌 ಭಾಗ 7/7: ಪಂಚರು ನಾವೇ

ಹಂಗಂತ ಎಲ್ಲಾ ಪೋಸ್ಟ್ ಮಾಡೋದೇ ಸರಿ ಅಂತ ನಾನು ಹೇಳ್ತಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಇಂಥ ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೀಬೇಕು, ಅದರ ವಿವರ ಅಚ್ಚು ಹಾಕಿ ಪ್ರಕಟಿಸೋಕೆ ನಿರ್ಬಂಧ ಅದ. ತಪ್ಪಿದ್ರ ದಂಡ ಎಷ್ಟು? ಬರೇ 1000 ರೂಪಾಯಿ ತನಕ. ಒಂದು ವೈರಲ್ ವಿಡಿಯೋದ ಗಳಿಕೆ ಮುಂದ ಅದು ಯಾವ ಲೆಕ್ಕ?

ಇನ್ನೊಂದು ವ್ಯತ್ಯಾಸ ಅದ. ಊರಾಗ ಗುಡಿ ಕಟ್ಟಿಮ್ಯಾಲೆ ಪಂಚಾಯ್ತಿ ಕೂಡ್ತಾರ. ಅಲ್ಲಿ ದೋಷ ಭಾಳ ಅದಾವ. ಹೆಚ್ಚಾಗಿ ಕೂಡೋರು ಗಂಡಸರೇ. ಹುಡುಗಿ ಪರವಾಗಿ ಅಪ್ಪ ಇಲ್ಲಾ ಸೋದರಮಾವ ಮಾತಾಡ್ತಾರ, ಆಕಿಗೆ ಮಾತಾಡೋ ಪಾಳಿ ಬರೋದು ಅಪರೂಪ. "ಹೊಂದ್ಕೊಂಡು ಹೋಗವ್ವ" ಅಂತ ಎದ್ದು ಹೋಗ್ತಾರ. ಆದ್ರ ಆ ಪಂಚರು ಮರುದಿನ ಅದೇ ಓಣಿಯಾಗ ಆ ಎರಡೂ ಮನಿಯವರ ಮಾರಿ ನೋಡಬೇಕು. ಕಾಮೆಂಟ್ ಬಾಕ್ಸಿನ ಪಂಚರಿಗೆ ಆ ಹೊರೆ ಇಲ್ಲ. ತೀರ್ಪು ಕೊಟ್ಟು ಮುಂದಿನ ರೀಲಿಗೆ ಹೋಗ್ತೀವಿ. 2011ರಲ್ಲಿ ಸಂಘ ಮಾಡಿದ್ದನ್ನೇ, ಅಂದ್ರ ಮೂರನೆಯ ಹೆಣ್ಣುಮಗಳ ಮ್ಯಾಲೆ ತಪ್ಪು ಹೊರಿಸೋದನ್ನ, ಈಗ ನಾವೇ ಮನಿಯಾಗ ಕುಂತು ಮಾಡ್ತೀವಿ.

ಲಕ್ಷಗಟ್ಟಲೆ ಫಾಲೋವರ್ಸ್ ಇದ್ದೋರಿಗೆ ಸ್ವಂತ ಮೈಕು ಅದ. ನಮ್ಮ ಹಳ್ಳಿಯ ಹುಡುಗಿಗೆ? ಪೋಸ್ಟ್ ಹಾಕಿದ್ರ ಊರೇ ಮಾತಾಡ್ತದ, ಹಾಕದಿದ್ರ ಯಾರಿಗೂ ಕೇಳೋದಿಲ್ಲ. ಆಕಿಗೆ ಗೊತ್ತಿರಬೇಕಾದ ಎರಡು ಜಾಗ ಅದಾವ. ಮಹಿಳಾ ಸಹಾಯವಾಣಿ 181. ಇನ್ನೊಂದು, ತಾಲೂಕು ಕಾನೂನು ಸೇವಾ ಸಮಿತಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಪುಕ್ಕಟೆ. ಮಾತು ಹೊರಗ ಬರಲೇಬೇಕು ಅಂದಾಗ ಮೊದಲು ಬಡಿಯೋ ಬಾಗಿಲು ಅವು.

ತಾರೆಯರ ಪೋಸ್ಟ್ ಶೇರ್ ಮಾಡಿದಷ್ಟು ಸಲ ಈ ನಂಬರ್ ಶೇರ್ ಮಾಡಿದ್ರೂ ಸಾಕ್ರಿ. 🙏

#ಕಲ್ಯಾಣಕರ್ನಾಟಕ #ಐನಾಪುರ #ಇತಿಹಾಸದಪುಟ #ಸಹಾಯವಾಣಿ181