ಕೊಂಡ ಪುಸ್ತಕದ ಒಡೆಯ ಯಾರು?

ಪುಸ್ತಕ ಕೊಂಡವರು ಅದನ್ನು ಓದಬಹುದು, ಗೆಳೆಯರಿಗೆ ಎರವಲು ಕೊಡಬಹುದು, ಬೇಡವೆನಿಸಿದಾಗ ಮಾರಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಇದೆಲ್ಲ ಎಷ್ಟು ಸಹಜವಾಗಿದೆಯೆಂದರೆ, ಇದರ ಹಿಂದೆ ಒಂದು ನ್ಯಾಯಾಲಯದ ಹೋರಾಟವಿದೆ ಎಂಬುದು ಸಾಮಾನ್ಯವಾಗಿ ಯಾರಿಗೂ ಹೊಳೆಯುವುದಿಲ್ಲ.

1904ರಲ್ಲಿ ಅಮೆರಿಕದ ಬಾಬ್ಸ್–ಮೆರಿಲ್ ಎಂಬ ಪ್ರಕಾಶನ ಸಂಸ್ಥೆ ‘ದ ಕ್ಯಾಸ್ಟವೇ’ ಕಾದಂಬರಿಯನ್ನು ಹೊರತಂದಿತು. ಬೆಲೆ ಒಂದು ಡಾಲರ್. ಅದಕ್ಕಿಂತ ಕಡಿಮೆಗೆ ಮಾರಿದರೆ ಕೃತಿಸ್ವಾಮ್ಯದ ಉಲ್ಲಂಘನೆಯಾದಂತೆ ಎಂದು ಪುಸ್ತಕದಲ್ಲೇ ಅಚ್ಚು ಹಾಕಿಸಿತು. ನ್ಯೂಯಾರ್ಕಿನ ಮೇಸೀಸ್ ಮಳಿಗೆ ಇದನ್ನು ಲೆಕ್ಕಿಸದೆ ಪುಸ್ತಕವನ್ನು 89 ಸೆಂಟಿಗೆ ಮಾರಿತು. ವ್ಯಾಜ್ಯ ಅಲ್ಲಿನ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಪ್ರತಿಯನ್ನು ಒಮ್ಮೆ ಮಾರಿದ ಮೇಲೆ ಅದರ ಮುಂದಿನ ಮಾರಾಟದ ಮೇಲೆ ಪ್ರಕಾಶಕರಿಗೆ ಹಿಡಿತವಿಲ್ಲ ಎಂದು 1908ರಲ್ಲಿ ತೀರ್ಪು ಬಂದಿತು. ‘ಮೊದಲ ಮಾರಾಟ’ದ ತತ್ತ್ವವೆಂದು ಹೆಸರಾದದ್ದು ಇದೇ. ಭಾರತದ ಕೃತಿಸ್ವಾಮ್ಯ ಕಾಯ್ದೆಯೂ ಈಗಾಗಲೇ ಚಲಾವಣೆಗೆ ಬಂದ ಪ್ರತಿಗಳನ್ನು ಪ್ರಕಾಶಕರ ಹಿಡಿತದಿಂದ ಹೊರಗಿಟ್ಟಿದೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕಗಳು ನಿರಾತಂಕವಾಗಿ ಕೈ ಬದಲಾಯಿಸುವುದು ಇಂಥ ನಿಯಮದ ಆಸರೆಯಲ್ಲೇ.

ಇ-ಪುಸ್ತಕ ಬಂದಾಗ ಈ ಲೆಕ್ಕ ತಲೆಕೆಳಗಾಯಿತು. ಆನ್‌ಲೈನ್ ಅಂಗಡಿಗಳಲ್ಲಿ ‘ಕೊಳ್ಳಿ’ ಎಂಬ ಮಾತು ಹಾಗೆಯೇ ಉಳಿಯಿತು. ಆದರೆ ಕರಾರಿನ ಸಣ್ಣ ಅಕ್ಷರಗಳಲ್ಲಿ ಓದುಗರಿಗೆ ದೊರೆಯುತ್ತಿದ್ದುದು ಓದುವ ಪರವಾನಗಿ ಮಾತ್ರ. ಕಡತಕ್ಕೆ ಹಾಕಿದ ಡಿಜಿಟಲ್ ಬೀಗದ ಕೀಲಿಕೈ ಅಂಗಡಿಯವರ ಬಳಿಯೇ ಇತ್ತು.

ಇದರ ಅರ್ಥ ಜನರಿಗೆ ತಟ್ಟಿದ್ದು 2009ರ ಜುಲೈನಲ್ಲಿ. ಜಾರ್ಜ್ ಆರ್ವೆಲ್ಲನ ‘1984’ ಮತ್ತು ‘ಅನಿಮಲ್ ಫಾರ್ಮ್’ ಕೃತಿಗಳ ಕೆಲವು ಪ್ರತಿಗಳನ್ನು ಅಮೆಜಾನ್ ಸಂಸ್ಥೆ ಗ್ರಾಹಕರ ಕಿಂಡಲ್ ಉಪಕರಣಗಳಿಂದ ದೂರದಿಂದಲೇ ಅಳಿಸಿಹಾಕಿತು. ಅವನ್ನು ಅಂಗಡಿಗೆ ಸೇರಿಸಿದ್ದವರಿಗೆ ಅಮೆರಿಕದಲ್ಲಿ ಮಾರುವ ಹಕ್ಕೇ ಇರಲಿಲ್ಲ ಎಂಬುದು ಕಾರಣ. ದಾಖಲೆಗಳನ್ನು ಅಳಿಸುವ ಪ್ರಭುತ್ವದ ಕಥೆ ಹೇಳುವ ಕಾದಂಬರಿಯೇ ಹೀಗೆ ಅಳಿಸಿಹೋದದ್ದು ವಿಪರ್ಯಾಸ. ಹಣವೇನೋ ಹಿಂದಿರುಗಿತು. ಆದರೆ ಪಾಠಕ್ಕಾಗಿ ‘1984’ ಓದುತ್ತಿದ್ದ ಹೈಸ್ಕೂಲು ವಿದ್ಯಾರ್ಥಿಯೊಬ್ಬ, ಮೂಲ ಪಠ್ಯವೇ ಇಲ್ಲದ ಮೇಲೆ ತಾನು ಬರೆದುಕೊಂಡ ಟಿಪ್ಪಣಿಗಳು ಕೆಲಸಕ್ಕೆ ಬಾರದಾದವು ಎಂದು ಮೊಕದ್ದಮೆ ಹೂಡಿದ. ಸಂಸ್ಥೆಯ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆ ಕೇಳಿದರು; ಪ್ರಕರಣ ರಾಜಿಯಲ್ಲಿ ಮುಗಿಯಿತು.

ತಪ್ಪು ನಡೆಯದಿದ್ದರೂ ಅಂಗಡಿ ಮುಚ್ಚಬಹುದು. ಮೈಕ್ರೋಸಾಫ್ಟ್ 2019ರ ಏಪ್ರಿಲ್‌ನಲ್ಲಿ ತನ್ನ ಪುಸ್ತಕ ವಿಭಾಗವನ್ನು ಮುಚ್ಚಿತು. ಅದೇ ಜುಲೈನಿಂದ ಕೊಂಡಿದ್ದ ಪುಸ್ತಕಗಳೂ ತೆರೆಯದಾದವು. ಗ್ರಾಹಕರಿಗೆ ಪೂರ್ತಿ ಹಣ ಸಂದಿತು. ಟಿಪ್ಪಣಿ ಮಾಡಿಕೊಂಡಿದ್ದವರಿಗೆ 25 ಡಾಲರ್ ಹೆಚ್ಚುವರಿಯಾಗಿ ದೊರೆಯಿತು. ಅಂಚಿನ ಬರಹಕ್ಕೂ ಒಂದು ಬೆಲೆಯಿದೆ ಎಂದು ಮಾರಿದವರೇ ಒಪ್ಪಿಕೊಂಡ ಅಪರೂಪದ ನಿದರ್ಶನವಿದು.

ಓದಿ ಮುಗಿಸಿದ ಇ-ಪುಸ್ತಕವನ್ನು ಮಾರಬಹುದೇ? ಟಾಮ್ ಕಾಬಿನೆಟ್ ಎಂಬ ಡಚ್ ಸಂಸ್ಥೆ ಇದನ್ನೇ ಮಾಡಹೊರಟಾಗ, 2019ರ ಡಿಸೆಂಬರ್‌ನಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಕೂಡದೆಂದಿತು. ಕಾಗದದ ಪ್ರತಿ ಬಳಸಿದಂತೆ ಸವೆಯುತ್ತದೆ. ಡಿಜಿಟಲ್ ಪ್ರತಿ ಸವೆಯದು, ಎಂದೆಂದೂ ಹೊಸದೇ. ಹೀಗಾಗಿ ಅದರ ಮರುಮಾರಾಟ ಕೃತಿಸ್ವಾಮ್ಯ ಹೊಂದಿದವರಿಗೆ ಹೆಚ್ಚಿನ ನಷ್ಟ ಎಂಬುದು ಒಂದು ತರ್ಕ. ಇದನ್ನು ಸುಲಭವಾಗಿ ತಳ್ಳಿಹಾಕಲಾಗದು.

ಹಾಗಿದ್ದಮೇಲೆ ಕನಿಷ್ಠ ಮಾತಾದರೂ ನೇರವಾಗಿರಬೇಕಲ್ಲವೇ? 2025ರ ಜನವರಿ 1ರಿಂದ ಜಾರಿಗೆ ಬಂದ ಕ್ಯಾಲಿಫೋರ್ನಿಯಾದ ಕಾನೂನು ಇದನ್ನೇ ಕೇಳುತ್ತದೆ. ಕೊಡುವುದು ಪರವಾನಗಿಯಾದರೆ, ಹಾಗೆಂದು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಎನ್ನುವಂತಿಲ್ಲ; ಶಾಶ್ವತವಾಗಿ ಇಳಿಸಿಟ್ಟುಕೊಳ್ಳಬಹುದಾದ ಕಡತಗಳಿಗೆ ವಿನಾಯಿತಿಯಿದೆ. ಮರುತಿಂಗಳೇ ಅಮೆಜಾನ್, ಕಿಂಡಲ್ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ಮೂಲಕ ಸಾಗಿಸುವ ಸೌಲಭ್ಯವನ್ನು ನಿಲ್ಲಿಸಿತು.

ಅಕ್ಷರ ಹಿಗ್ಗಿಸಿ ಓದಬೇಕಾದ ವೃದ್ಧರಿಗೆ, ಗ್ರಂಥಾಲಯ ದೂರವಿರುವ ಊರಿನವರಿಗೆ ಇ-ಪುಸ್ತಕ ದೊಡ್ಡ ಉಪಕಾರ ಮಾಡಿದೆ. ಬೀಗವಿಲ್ಲದೆ ಮಾರುವ ಪ್ರಕಾಶಕರೂ ಇದ್ದಾರೆ. ಆದರೆ ಬೀಗವಿದ್ದಲ್ಲಿ ಓದುಗರು ನೆಚ್ಚಿಕೊಂಡಿರುವುದು ಪುಸ್ತಕಕ್ಕಿಂತ ಹೆಚ್ಚಾಗಿ ಅಂಗಡಿಯ ಆಯುಷ್ಯವನ್ನು. 1908ರಲ್ಲಿ ಕೊಂಡ ‘ದ ಕ್ಯಾಸ್ಟವೇ’ ಪ್ರತಿಯನ್ನು ತೆರೆಯಲು ಇಂದಿಗೂ ಯಾರ ಅಪ್ಪಣೆಯೂ ಬೇಕಿಲ್ಲ.