ಭತ್ತ ಹೋಗಿ ಬಾಟಾ ಬಂತು

ಇಂಗ್ಲಿಷ್ ಪದಗಳು ನಮ್ಮ ಮನೆಯೊಳಕ್ಕೆ ನುಗ್ಗಿವೆಯೆಂದು ಹಲುಬುವವರು ಬಹಳ. ನಮ್ಮ ಕಡೆಯಿಂದ ಹೊರಟುಹೋಗಿ ಇಂಗ್ಲಿಷಿನಲ್ಲಿ ಸಂಸಾರ ಹೂಡಿದ ಪದಗಳ ಯೋಗಕ್ಷೇಮ ವಿಚಾರಿಸುವವರು ವಿರಳ.

ನನ್ನ ಊರು ಕಿರಿಮಂಜೇಶ್ವರ. ಒಂದು ಕಡೆ ಕಡಲು, ಇನ್ನೊಂದು ಕಡೆ ಗದ್ದೆ. ನಡುವೆ ತೆಂಗು, ಅಡಿಕೆ. ಈ ಕರಾವಳಿಗೆ ಪೋರ್ತುಗೀಸರು ಬಂದದ್ದು ವ್ಯಾಪಾರಕ್ಕೆ. ಕುಂದಾಪುರದ ಬಳಿಯ ಬಸರೂರು ಅವರ ನಾಲಿಗೆಯಲ್ಲಿ 'ಬಾರ್ಸೆಲೋರ್' ಆಯಿತು. ಈ ಸೀಮೆಯ ಅಕ್ಕಿ ಹಡಗೇರಿ ಗೋವೆಗೆ ಹೋಗುತ್ತಿತ್ತು. ಸರಕಿನ ಜೊತೆಗೆ ಅದರ ಹೆಸರೂ ಹಡಗೇರಿತು, ಹೆಸರಿಗೆ ಸುಂಕವಿರಲಿಲ್ಲ.

ಅಡಿಕೆಯನ್ನೇ ನೋಡಿ. ಇಂಗ್ಲಿಷಿನ 'ಅರೀಕಾ' ಪೋರ್ತುಗೀಸರ ಮೂಲಕ ಬಂದ ಪದ. ಅವರು ಅದನ್ನು ಮಲಯಾಳದ 'ಅಡಕ್ಕ'ದಿಂದ ಎತ್ತಿಕೊಂಡರೆಂದು ಕೋಶಗಳು ಹೇಳುತ್ತವೆ. ಅಡಕ್ಕ ನಮ್ಮ ಅಡಿಕೆಯ ಒಡಹುಟ್ಟು; ಡಕಾರ ಹೊರಳದ ನಾಲಿಗೆಯಲ್ಲಿ ರಕಾರ ಕುಳಿತಿತು. ಹಲಸಿಗೆ ಇಂಗ್ಲಿಷಿನವರು ಹೇಳುವ 'ಜಾಕ್' ಮಲಯಾಳದ 'ಚಕ್ಕ'.

ಇವೆಲ್ಲಕ್ಕಿಂತ ಕುತೂಹಲಕರವಾದದ್ದು ಭತ್ತದ ಕಥೆ. 'ಪ್ಯಾಡಿ' ನಮ್ಮ ಭತ್ತದಿಂದಲೇ ಹುಟ್ಟಿತೆನ್ನುವ ಅಭಿಮಾನಿಗಳುಂಟು. ಅದರ ಮೂಲ ಮಲಯ ಭಾಷೆಯ 'ಪಾದಿ'. ಭತ್ತ ಹಿಡಿದ ದಾರಿ ಬೇರೆ. ಮಂಗಳೂರಿನಲ್ಲಿಯೂ ಅಧಿಕಾರಿಯಾಗಿದ್ದ ವಿದ್ವಾಂಸ ಬರ್ನೆಲ್, ಹೆನ್ರಿ ಯೂಲನೊಡನೆ ರಚಿಸಿದ 'ಹಾಬ್ಸನ್-ಜಾಬ್ಸನ್' ಕೋಶ 1886ರಲ್ಲಿ ಅಚ್ಚಾಯಿತು. ಸಂಬಳದ ಮೇಲೆ ಸೇನಾಧಿಕಾರಿಗಳಿಗೆ ಸಲ್ಲುತ್ತಿದ್ದ ಖರ್ಚಿನ ಹಣಕ್ಕೆ ಇಂಗ್ಲಿಷರು 'ಬಟ್ಟಾ' ಎನ್ನುತ್ತಿದ್ದರು. ಕನ್ನಡದ ಭತ್ತವೇ ಪೋರ್ತುಗೀಸರ ಬಾಯಲ್ಲಿ ತಿರುಗಿ ಹೀಗಾಗಿರಬಹುದೆಂದು ಆ ಕೋಶದ ಊಹೆ. ಉಣ್ಣುವ ಧಾನ್ಯ ಉಣ್ಣುವುದಕ್ಕೆ ಕೊಡುವ ಹಣವಾದದ್ದು ಅಸಹಜವೇನಲ್ಲ. 1766ರಲ್ಲಿ ಕ್ಲೈವನು ಬಂಗಾಳದ ಅಧಿಕಾರಿಗಳ ಇಮ್ಮಡಿ ಬಟ್ಟಾ ನಿಲ್ಲಿಸಿದಾಗ ಅವರು ಗುಂಪುಗೂಡಿ ರಾಜೀನಾಮೆಗೆ ನಿಂತರು. ಭತ್ತಕ್ಕಾಗಿ ಬಿಳಿಯರೂ ಜಗಳಕ್ಕಿಳಿದರೆಂದಾಯಿತು!

ಇಂದು ಬಾಡಿಗೆ ಕಾರಿನ ಚಾಲಕ ಬಾಡಿಗೆಯ ಮೇಲೆ ಕೇಳುವ 'ಬಾಟಾ' ಇದೇ ಪದ. ಕೋಶದ ಊಹೆ ನಿಜವಾದರೆ ಇದು ತವರಿಗೆ ಮರಳಿದ ಮಗಳು, ತವರಿನವರಿಗೇ ಗುರುತಿಲ್ಲ.

ನನ್ನ ತರಗತಿಯಲ್ಲಿ ಕುಂದಾಪುರದ ಕಡೆಯ ಹುಡುಗರು 'ಹೋಯ್ಕ್', 'ಬರ್ಕ್' ಎನ್ನಲು ನಾಚುತ್ತಾರೆ. ನಡುವೆ ಎರಡು ಇಂಗ್ಲಿಷ್ ಪದ ಉದುರಿಸಿದರೆ ಮಾತಿಗೆ ಮರ್ಯಾದೆ ಬಂತೆಂದು ತಿಳಿಯುತ್ತಾರೆ. ಆ ಇಂಗ್ಲಿಷಾದರೋ ಬಂದರಿನ ಕೂಲಿಯವನಿಂದಲೂ ಅಂಗಡಿಕಾರನಿಂದಲೂ ಬೇಕಾದ ಪದವನ್ನು ಸಂಕೋಚವಿಲ್ಲದೆ ಪಡೆದು ಬೆಳೆದ ಭಾಷೆ. ಕಂಡ ಪದಗಳಿಗೆಲ್ಲ ನಾವು ಹಕ್ಕು ಹೂಡುವುದು ಬೇಡ. ಊರ ಮಾತನ್ನು ಆಡುವಾಗ ಆ ಹುಡುಗರು ದನಿ ತಗ್ಗಿಸದಿದ್ದರೆ ಸಾಕು.